ಅರಿಸಿನ ಹಚ್ಚಿದ ಕಿವಿ

ರುದ್ರಾಣಿ ಹೆಮ್ಮಿಗೆಯವಳು, ಕೋಳಿಮೊಟ್ಟೆಯನ್ನೂ ಹೊಸಿಲು ದಾಟಲು ಬಿಡದ ಮನೆಯ ಮಗಳು. ಫಾರ್ಮಸಿ ಓದಿ, ಎರಡು ಸಾವಿರದ ನಾಲ್ಕರ ಹೊತ್ತಿಗೆ ನಂಜನಗೂಡಿನ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿದ್ದಳು. ಅವಳ ತಲೆಗೆ ಕಟ್ಟಿದ್ದು ಮಂಡಿನೋವಿನ ಮುಲಾಮು. ಗಾಜಿನ ಬಟ್ಟಲಿನ ಬಾಯಿಗೆ ತೆಳ್ಳನೆಯ ಸಿಲಿಕೋನ್ ಹಾಳೆ ಬಿಗಿದು, ಮೇಲೆ ಮುಲಾಮು ಸವರಿ, ಕೆಳಗಿನ ದ್ರವಕ್ಕೆ ಔಷಧ ಎಷ್ಟು ಇಳಿಯಿತೆಂದು ಅಳೆಯಬೇಕು. ಹಾಳೆಯಲ್ಲಿ ಅದು ಸರಾಗವಾಗಿ ಇಳಿಯಿತು. ಮ್ಯಾನೇಜರ್ ಸೋಮಶೇಖರ್ ಹಿಗ್ಗಿಹೋದರು.

"ಹಾಳೆ ಚರ್ಮ ಅಲ್ಲ ಸಾರ್," ಎಂದಳು ರುದ್ರಾಣಿ. ಔಷಧದ ಅಣು ಎಷ್ಟು ದಪ್ಪ, ಎಣ್ಣೆಗೆ ಎಷ್ಟು ಒಗ್ಗುತ್ತದೆ ಎಂದೆಲ್ಲ ಲೆಕ್ಕ ಹಾಕಿ ನೋಡಿದ್ದಳು. ಚರ್ಮದ ಮೇಲ್ಪದರ ಇದರ ಹತ್ತನೇ ಒಂದು ಪಾಲನ್ನೂ ಒಳಗೆ ಬಿಡುವುದಿಲ್ಲ. ಗದ್ದೆಯಲ್ಲಿ ಬಗ್ಗಿ ಬಗ್ಗಿ ಮಂಡಿ ಸವೆಸಿಕೊಂಡ ಹೆಂಗಸರು ನಂಬಿ ತಿಕ್ಕಿಕೊಳ್ಳುವ ಮುಲಾಮು ಬರೀ ಮೇಲೆಯೇ ಕೂತಿರುತ್ತದೆ. ಇದನ್ನು ನೆನೆದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ಹಂದಿ ಕಿವಿ ಚರ್ಮ ನಮ್ಮ ಚರ್ಮಕ್ಕೆ ಹತ್ತಿರ ಅಂತೀಯಲ್ಲ, ಅದರಲ್ಲೇ ತೋರಿಸು. ಇಲ್ಲದಿದ್ರೆ ಸೋಮವಾರ ಮುಲಾಮು ಟ್ಯೂಬಿಗೆ ಹೋಗುತ್ತೆ," ಎಂದರು ಸೋಮಶೇಖರ್.

ಕಿವಿ ತರುವವರು ಯಾರು? ಲ್ಯಾಬಿನ ಗಂಡಸರೆಲ್ಲ ಒಬ್ಬೊಬ್ಬರಾಗಿ ಜಾರಿಕೊಂಡರು. ಕೊನೆಗೆ ಕೊರಳಲ್ಲಿ ಲಿಂಗ ಕಟ್ಟಿಕೊಂಡ ಇವಳೇ ನರಸೀಪುರದ ಮಾದುವಿನ ಹಂದಿಮಾಂಸದ ಅಂಗಡಿಗೆ ಹೋಗಬೇಕಾಯಿತು.

ಲ್ಯಾಬಿಗೆ ತಂದು ಪೊಟ್ಟಣ ಬಿಚ್ಚಿದರೆ ಕಿವಿಗಳು ಹಳದಿಯಾಗಿ, ನುಣ್ಣಗೆ ಹೊಳೆಯುತ್ತಿದ್ದವು. ರುದ್ರಾಣಿ ಅರಿಸಿನ ತೊಳೆದಳು. ಹುಟ್ಟಿದಾಗಿನಿಂದ ಮಾಂಸದ ಅಂಗಡಿ ಕಡೆ ತಿರುಗಿಯೂ ನೋಡಿದವಳಲ್ಲ. ಅಂಗಡಿಯ ಕಿವಿ ಇಷ್ಟು ನುಣ್ಣಗೇ ಇರುತ್ತದೆ ಅಂದುಕೊಂಡು ಬಟ್ಟಲಿಗೆ ಬಿಗಿದಳು. ಔಷಧ ಹಾಳೆಯಲ್ಲಿ ಇಳಿದಷ್ಟೇ ಜೋರಾಗಿ ಇಳಿದುಬಿಟ್ಟಿತು!

ಸೋಮಶೇಖರ್ ಲ್ಯಾಬಿಗೆಲ್ಲ ಮೈಸೂರುಪಾಕು ಹಂಚಿಸಿದರು. ರುದ್ರಾಣಿ ತನ್ನ ಲೆಕ್ಕವನ್ನು ಇನ್ನೊಮ್ಮೆ ಹಾಕಿ ನೋಡಿದಳು; ಎಲ್ಲೂ ತಪ್ಪಿರಲಿಲ್ಲ. ಮತ್ತೆ ಬಸ್ಸು ಹತ್ತಿದಳು.

"ಮಾದಣ್ಣ, ಆ ಕಿವಿಗೆ ಏನ್ ಮಾಡಿದ್ರಿ?"

"ನಿಮ್ಮಂತೋರ್ ಕೈಗೆ ಕೊಡೋದು ಅಂತ ಇನ್ನೂ ಒಂದ್ ಕೈ ಜಾಸ್ತೀನೇ ಮಾಡಿವ್ನಿ ಮೇಡಮ್ಮೋರೇ! ಬೆಂಕೀಲಿ ಸುಟ್ಟು, ಬಿಸ್ನೀರಾಕಿ ಕೆರ್ದು, ಅರಿಸ್ನ ಅಚ್ಚಿವ್ನಿ."

"ಅಯ್ಯೋ ಸುಟ್ರಾ! ಯಾಕಣ್ಣ ಸುಟ್ರಿ?"

"ಸುಡ್ದೆ ಕೊಟ್ರೆ ಯಾರ್ ತಗತಾರೆ ಏಳಿ!"

ಔಷಧವನ್ನು ತಡೆಯಬೇಕಾದ ಮೇಲ್ಪದರವೇ ಬೆಂಕಿಗೆ ಹೋಗಿತ್ತು. ರುದ್ರಾಣಿ ತಲೆ ತಲೆ ಚಚ್ಚಿಕೊಂಡಳು. ಮರುದಿನ ಬೆಳಗ್ಗೆ ಬಂದು, ಮೂಗಿಗೆ ಸೆರಗು ಒತ್ತಿಕೊಂಡು ಎದುರಿಗೇ ನಿಂತು, ಬೆಂಕಿ ಮುಟ್ಟುವ ಮೊದಲೇ ಕಿವಿ ಕೊಯ್ಯಿಸಿಕೊಂಡಳು. ಕೂದಲನ್ನು ಲ್ಯಾಬಿನಲ್ಲಿ ತಾನೇ ಕತ್ತರಿಯಿಂದ ತೆಗೆದಳು. ಈ ಸಲ ಅವಳ ಲೆಕ್ಕ ಹೇಳಿದ್ದಂತೆಯೇ ಔಷಧ ಇಳಿದೂ ಇಳಿಯದ ಹಾಗೆ ಮೇಲೆಯೇ ಕೂತಿತು.

ಸೋಮವಾರ ಸೋಮಶೇಖರ್ ಎರಡು ಫಲಿತಾಂಶಗಳನ್ನೂ ನೋಡಿದರು. ಹಸಿ ಕಿವಿಯದನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದರು.

"ಮೊದಲ್ನೇದೇ ಇರ್ಲಿ ಬಿಡಮ್ಮ. ಅದೂ ಹಂದಿ ಕಿವೀನೇ ತಾನೆ? ಸುಳ್ಳೇನಲ್ಲವಲ್ಲ."

ರುದ್ರಾಣಿ ಎದ್ದು ನಿಂತಳು. ಕೆಲಸ ಉಳಿದರೆ ಉಳಿಯಲಿ, ಹೋದರೆ ಹೋಗಲಿ ಅನ್ನಿಸಿಬಿಟ್ಟಿತ್ತು.

"ಆಗ್ಲಿ ಸಾರ್. ಹಾಗಾದ್ರೆ ಟ್ಯೂಬಿನ ಮೇಲೆ ಇದನ್ನೂ ದಪ್ಪಕ್ಷರದಲ್ಲಿ ಅಚ್ಚು ಹಾಕ್ಸಿ: ಹಚ್ಚೋಕೆ ಮುಂಚೆ ಮಂಡೀನ ಬೆಂಕೀಲಿ ಸುಟ್ಕೊಳ್ಳಿ."