ಬರೋಡಾದಲ್ಲಿ ನಾನು ಉಜ್ಜಿದ ಕಲ್ಲು

ಬರೋಡಾಕ್ಕೆ ಬಂದ ಮೊದಲ ವಾರವೇ ಗುರುತಿಲ್ಲದ ಹುಡುಗಿಯೊಬ್ಬಳು ನನ್ನ ಮುಂದೆ ನೆಲಕ್ಕೆ ಕುಳಿತು, ನಿಮ್ಮ ಪಾದ ಕೊಡುತ್ತೀರಾ ಎಂದು ಹಿಂದಿಯಲ್ಲಿ ಕೇಳಿದಳು. ನಮಸ್ಕಾರ ಮಾಡುತ್ತಾಳೆಂದು ತಿಳಿದು ಚಪ್ಪಲಿ ಬಿಟ್ಟು ಕಾಲು ಚಾಚಿದೆ, ಹರಸಲು ಕೈಯನ್ನೂ ಎತ್ತಿದೆ. ಅವಳು ಪೆನ್ಸಿಲ್ ತೆಗೆದಳು. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ನನ್ನ ಒಡೆದ ಹಿಮ್ಮಡಿಯನ್ನೂ ಬಿಡದೆ ಕಾಲಿನ ಚಿತ್ರ ಬರೆದುಕೊಂಡು, "ಥ್ಯಾಂಕ್ಯೂ ದಾದಾ" ಎಂದು ಹೊರಟುಹೋದಳು. ಇಲ್ಲಿ ದಾದಾ ಎಂದರೆ ಅಜ್ಜ. ನಮ್ಮ ಶಹಾಬಾದಿನಲ್ಲಿ ಹಾಗೆ ಕರೆಸಿಕೊಳ್ಳುವವನು ಅಣ್ಣ, ಇಲ್ಲವೆ ಓಣಿಯ ಪುಂಡ.

ನಾನು ಹತ್ತನೇ ಇಯತ್ತೆವರೆಗೆ ಓದಿದವನು. ಕಾಗಿಣಾ ನದಿಯ ದಂಡೆಯ ಅಂಬಿಗರ ಮನೆಯಲ್ಲಿ ಹುಟ್ಟಿ, ಹೊಟ್ಟೆಪಾಡಿಗೆ ಕಲ್ಲು ಹಿಡಿದೆ. ಮಷೀನು ಬರುವ ಮೊದಲು ಶಹಾಬಾದಿ ಫರಸಿಯನ್ನು, ಅಂದರೆ ನೆಲಹಾಸು ಕಲ್ಲನ್ನು, ಕೈಯಿಂದ ಉಜ್ಜಿ ನುಣುಪು ಮಾಡುತ್ತಿದ್ದವರಲ್ಲಿ ನಾನೂ ಒಬ್ಬ. ಮೊಮ್ಮಗಳು ಭಾಗ್ಯಶ್ರೀಗೆ ಇಲ್ಲಿನ ಚಿತ್ರಕಲಾ ಕಾಲೇಜಿನಲ್ಲಿ ಸೀಟು ಸಿಕ್ಕಾಗ, ಅವಳ ತಾಯಿ, ಕೋಡ್ಲಾದಲ್ಲಿರುವ ನನ್ನ ಮಗಳು, ಒಂದೇ ಮಾತು ಹೇಳಿದಳು: "ಹುಡುಗಿ ಒಬ್ಬಾಕಿನೇ ಹೋಗಂಗಿಲ್ಲ. ಅಪ್ಪಾ, ನೀ ಜೋಡಿ ಹೋಗ್ತಿ ಅಂದ್ರ ಕಳಸ್ತೀನಿ." ಹೆಂಡತಿ ತೀರಿಕೊಂಡ ಮೇಲೆ ನಾನು ಸುಮ್ಮನೆ ಕುಳಿತಿದ್ದೆ. ನಾಲ್ಕು ವರ್ಷ ತಾನೇ ಎಂದುಕೊಂಡು ವಾಡಿಯಲ್ಲಿ ರೈಲು ಹತ್ತಿದೆ.

ನಮಗೆ ಸಿಕ್ಕಿದ್ದು ಮಹಡಿಯ ಮೇಲಿನ ಒಂದು ಕೋಣೆ. ನೆಲಕ್ಕೆ ಟೈಲ್ಸ್, ಬೇಸಿಗೆಯಲ್ಲಿ ಬೆನ್ನು ಹಚ್ಚಿದರೆ ಫರಸಿಯ ತಂಪು ಬರುವುದಿಲ್ಲ. ಮನೆಯೊಡತಿ ಪ್ರೀತಿಯಿಂದ ಕೊಟ್ಟ ಬೇಳೆಗೆ ಬೆಲ್ಲ ಬಿದ್ದಿತ್ತು. ನಮ್ಮ ಕಡೆಯ ತೊಗರಿಬೇಳೆಗೆ ಇಲ್ಲಿ ಇಂಥ ಗತಿ ಬಂತಲ್ಲ ಎಂದುಕೊಂಡೇ ಉಂಡೆ. ಭಾಗ್ಯಾ ಕಾಲೇಜಿಗೆ ಹೋದ ಮೇಲೆ ದಿನವಿಡೀ ಮಾತಿಗೆ ಜನವಿಲ್ಲ. ಪಕ್ಕದ ಮನೆಯ ಕುಕ್ಕರು ಸಿಳ್ಳೆ ಹೊಡೆದರೆ "ಹಾಂ, ಬಂದೆ" ಎಂದು ಎದ್ದು ನಿಲ್ಲುತ್ತಿದ್ದೆ.

ರಾತ್ರಿ ಊಟದ ಮುಂಚೆ ಅವಳು ಕಲಾ ಇತಿಹಾಸದ ಪಾಠವನ್ನು ಗಟ್ಟಿಯಾಗಿ ಓದುವಳು. ಒಮ್ಮೆ ನಮ್ಮ ಮಳಖೇಡವೇ ಬಂತು.

"ಮುತ್ಯಾ, ಎಲ್ಲೋರಾದ ಕೈಲಾಸ ಗುಡಿ ಕಡಿಸಿದ್ರಲ್ಲ, ಆ ಮನೆತನದ ರಾಜರೇ ಮುಂದ ಮಳಖೇಡದಾಗ ರಾಜಧಾನಿ ಮಾಡ್ಯಾರ."

"ಸೇಡಂ ಬಸ್ಸು ಅಲ್ಲಿ ನಿಂತಾಗ ನಾ ಭಜಿ ತಿಂದೀನಿ," ಎಂದೆ. "ಭಾಳ ಎಣ್ಣಿ ಇತ್ತು."

ಅವಳು ನಕ್ಕಳು. ಸಾವಿರ ಕಿಲೋಮೀಟರಿನಾಚೆಯವರು ನಮ್ಮ ಕಡೆಯ ಊರಿನ ಹೆಸರನ್ನು ಪರೀಕ್ಷೆಗೆ ಕಲಿಯುತ್ತಾರೆ, ನಾನು ಅಲ್ಲಿ ಬಸ್ಸಿನಿಂದ ಇಳಿದು ಕೋಟೆಯ ಕಡೆ ತಿರುಗಿಯೂ ನೋಡಿರಲಿಲ್ಲ.

ನನ್ನ ಒಂಟಿತನ ಕಂಡು ಭಾಗ್ಯಾ ನನ್ನನ್ನು ಕಾಲೇಜಿಗೆ ಕರೆದೊಯ್ದಳು. ಅಲ್ಲಿ ಕಲ್ಲಿನಿಂದ ಚಿತ್ರ ಅಚ್ಚು ಹಾಕುತ್ತಾರೆ. ಚಪ್ಪಟೆ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ನೀರು ಸವರಿ, ಮಸಿ ಹಚ್ಚಿದರೆ ಮಸಿ ಜಿಡ್ಡಿಗೆ ಮಾತ್ರ ಅಂಟುತ್ತದೆ. ಅದರ ಮೇಲೆ ಕಾಗದ ಒತ್ತುತ್ತಾರೆ. ಕೆಲಸ ಮುಗಿದ ಮೇಲೆ ಮರಳು, ನೀರು ಹಾಕಿ, ಕಲ್ಲಿನ ಮೇಲೆ ಕಲ್ಲಿಟ್ಟು ಉಜ್ಜಿ ಹಳೆಯ ಚಿತ್ರ ಅಳಿಸುತ್ತಾರೆ. ಆ ಕೆಲಸ ನನ್ನದಾಯಿತು. ಹುಡುಗರು ನನ್ನಿಂದ ಚಹಾ ಬೇಡ ಎನ್ನಲು "ನಕ್ಕೋ" ಅನ್ನುವುದನ್ನು ಕಲಿತರು. ಆ ಕೋಣೆಯ ಹೊರಗೆ ಬಂದರೆ ಮಾತ್ರ ಬರೋಡಾ ಮತ್ತೆ ಪರದೇಶವಾಗುತ್ತಿತ್ತು.

ಕೊನೆಯ ವರ್ಷ ಬಂತು. ಊರಿಗೆ ಹೊರಡಲು ಮನಸ್ಸಿನಲ್ಲಿ ಗಂಟು ಕಟ್ಟಿಯಾಗಿತ್ತು. ಆಗ ಭಾಗ್ಯಾ ಹೇಳಿದಳು: "ಮುತ್ಯಾ, ಈ ಸಲದ ಕೆಲಸ ಛಲೋ ಆದ್ರ ಇಲ್ಲೇ ಮುಂದಿನ ಓದಿಗಿ ತಗೋತಾರ. ಇನ್ನ ಎರಡ ವರ್ಷ." ನಾನು "ಓದವ್ವಾ" ಎಂದೆ. ಬೇಡ ಎನ್ನುವ ಬಾಯಿ ನನಗಿರಲಿಲ್ಲ. ನಾನು ಹೊರಟರೆ ಅವಳ ಓದು ನಿಲ್ಲುತ್ತದೆ, ಆ ಕೆಟ್ಟ ಹೆಸರು ನನಗೆ ಬೇಡವಾಗಿತ್ತು.

ಅವಳು ದೊಡ್ಡ ಕಲ್ಲೊಂದರ ಮೇಲೆ ವಾರಗಟ್ಟಲೆ ಬರೆದಳು: ಕಾಗಿಣಾ ದಂಡೆ, ಬಟ್ಟೆ ಒಗೆಯುವ ನಮ್ಮ ಓಣಿಯ ಹೆಂಗಸರು. ಇನ್ನೂ ಒಂದೂ ಅಚ್ಚು ತೆಗೆದಿರಲಿಲ್ಲ. ಎಲ್ಲರೂ ಊಟಕ್ಕೆ ಹೋದ ಮಧ್ಯಾಹ್ನ ನಾನು ಅದರ ಮೇಲೆ ಮರಳು ಚೆಲ್ಲಿ, ನೀರು ಸುರಿದು, ಇನ್ನೊಂದು ಕಲ್ಲಿಟ್ಟು ಉಜ್ಜಿದೆ. ಮೊದಲು ನೀರು ಹೋಯಿತು, ಆಮೇಲೆ ಹೆಂಗಸರು. ಊರಿಗೆ ಹೋಗುವ ಆಸೆಗೆ ಊರನ್ನೇ ಅಳಿಸಿದೆ.

ಭಾಗ್ಯಾ ಬಂದು ನೋಡಿ ಕಲ್ಲಿನ ಪಕ್ಕ ನೆಲಕ್ಕೆ ಕುಳಿತಳು. ಹುಡುಗರು ನನ್ನ ಮೇಲೆ ರೇಗಿದಾಗ ಅವಳೇ ಎದ್ದು ಹಿಂದಿಯಲ್ಲಿ ಜಗಳಾಡಿದಳು: ಇವರು ಜೀವಮಾನವೆಲ್ಲ ಕಲ್ಲು ಉಜ್ಜಿದವರು, ಕಲ್ಲಿನ ಮೇಲೆ ಕಲೆ ಕಂಡರೆ ಕೈ ಸುಮ್ಮನಿರುವುದಿಲ್ಲ, ತಿಳಿಯದೆ ಆಗಿದೆ. ಮೇಷ್ಟ್ರು ನನ್ನ ಹೆಗಲು ತಟ್ಟಿ ಚಹಾ ತರಿಸಿದರು. ನಾನು ಕುಡಿದೆ.

ನನಗೆ ತಿಳಿದಿತ್ತು. ಮುಗಿದ ಕಲ್ಲು ಯಾವುದು, ಮುಗಿಯದ ಕಲ್ಲು ಯಾವುದು ಎಂದು ಆ ಕೋಣೆಯಲ್ಲಿ ನನಗೆ ಚೆನ್ನಾಗಿ ತಿಳಿದಿತ್ತು.

ಅವಳು ಅನ್ನ ನೀರು ಬಿಟ್ಟು ಮತ್ತೆ ಬರೆದಳು. ಈ ಸಲ ಹೆಂಗಸರಿರಲಿಲ್ಲ, ನದಿ ಮಾತ್ರ. ಸೀಟು ಸಿಕ್ಕಿತು. ಅವಳು ಪೇಢೆ ತಂದು ನನ್ನ ಬಾಯಿಗಿಡಲು ಬಂದಾಗ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ.

ಪೇಢೆ ಕೈಯಲ್ಲೇ ಉಳಿಯಿತು. "ಅಷ್ಟ ಮಂದಿ ಮುಂದ ನಿನ್ನ ಸಲುವಾಗಿ ಜಗಳ ತೆಗದೀನಿ, ಮುತ್ಯಾ. ಊರಿಗಿ ಹೋಗ್ತೀನಿ ಅಂತ ಒಂದ ಮಾತ ಅಂದಿದ್ರ ಏನಾಗ್ತಿತ್ತು?"

"ನಿನ್ನ ಓದು ನಿಲ್ತಿತ್ತು."

"ಅದನ್ನೇ ಮಾಡ್ಲಾಕ ಹೋಗಿದ್ದಿ ನೀ!"

ಮರುದಿನ ತಾಯಿಗೆ ಫೋನು ಮಾಡಿ, ಇನ್ನು ಗೆಳತಿಯರ ಜೊತೆ ಇರುತ್ತೇನೆಂದು ಒಪ್ಪಿಸಿದಳು. ನಾನು ಮಾಡಿದ್ದನ್ನು ಹೇಳಲಿಲ್ಲ. ಫೋನಿಟ್ಟು ನನಗೆ, "ಹೋಗಬೇಕಂದ್ರ ಹೋಗು. ಇರಬೇಕಂದ್ರ ಇರು. ಕಲ್ಲಿನ ಕ್ವಾಣಿಗಿ ಮಾತ್ರ ಬರಬ್ಯಾಡ," ಎಂದಳು.

ವಾಡಿಗೆ ಈಗಲೂ ರೈಲಿದೆ, ತಡೆಯುವವರಿಲ್ಲ. ಆದರೂ ಹೋಗಿಲ್ಲ. ತಿಳಿಯದೆ ಮಾಡಿದ ಮುತ್ಯಾ ಎಂಬ ಸುಳ್ಳು ಹೊತ್ತು ಶಹಾಬಾದಿಗೆ ಇಳಿಯಲು ಮನಸ್ಸು ಬಾರದು. ಅದಕ್ಕೇ ಮೊದಲು ಓದುಗರಾದ ನಿಮಗೆ ಇದನ್ನು ಬರೆಯುತ್ತಿದ್ದೇನೆ. ಸಂಜೆ ತರಕಾರಿ ತಂದು ಕಾಲೇಜಿನ ಗೇಟಿನ ಹೊರಗೆ ನಿಲ್ಲುತ್ತೇನೆ. ನಿನ್ನೆ ಹುಡುಗರು ಸುತ್ತುವರಿದು, ದಾದಾ ಒಳಗೆ ಯಾಕೆ ಬರುವುದಿಲ್ಲ ಎಂದು ಕೇಳಿದರು. ಹಿಂದಿನಿಂದ ಭಾಗ್ಯಾಳ ದನಿ ಬಂತು: "ದಾದಾಗೆ ಮೊಣಕಾಲು ನೋವು."

ಅವಳು ನನ್ನ ಕೈಯಿಂದ ತರಕಾರಿ ಚೀಲ ತೆಗೆದುಕೊಂಡು, ಮುಖ ನೋಡದೆ ಮುಂದೆ ನಡೆದಳು. ನೋವಿಲ್ಲದ ಕಾಲನ್ನು ಎಳೆಯುತ್ತಾ ನಾನು ಹಿಂದೆ ಹೋದೆ.