ಜೋಪಾನಕ್ಕೆ ಕೊಟ್ಟದ್ದು

ಸರ್ಫ್ ಎಂದರೆ ಬಟ್ಟೆ ಒಗೆಯುವ ಪುಡಿ ಎಂದೇ ನಾನು ತಿಳಿದಿದ್ದೆ. ಮೊನ್ನೆ ಮೊಮ್ಮಗಳು ಅನು ಪರೀಕ್ಷೆಗೆಂದು ‘ಸರ್ಫ್, ಸರ್ಫ್’ ಎಂದು ಉರು ಹೊಡೆಯುತ್ತಿದ್ದಳು. ಮಸ್ಕತ್ತಿನ ಸಾಲೆಯಲ್ಲಿ ಬಟ್ಟೆ ಒಗೆಯುವುದನ್ನೂ ಕಲಿಸುತ್ತಾರೆ, ಸದ್ಯ ಒಂದಾದರೂ ಉಪಯೋಗಕ್ಕೆ ಬರುವ ವಿದ್ಯೆ ಎಂದು ಖುಷಿಪಟ್ಟು, “ಮೊದಲ ನೀರಾಗ ನೆನಿ ಹಾಕಬೇಕು” ಎಂದು ಬುದ್ಧಿ ಹೇಳಿದೆ. ಹುಡುಗಿ ಬಿದ್ದು ಬಿದ್ದು ನಕ್ಕಳು. “ಅಜ್ಜಿ, ಇಟ್ಸ್ ಹಿಸ್ಟರಿ!” ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು; ನಗಲಿ.

ನಕ್ಕ ತಪ್ಪಿಗೆ ಪಾಠವನ್ನೂ ಹೇಳಬೇಕಾಯಿತು. ರೋಮ್ ಎಂಬ ದೊಡ್ಡ ರಾಜ್ಯವಿತ್ತಂತೆ. ಅದು ಮುದಿಯಾದಾಗ ತೆರಿಗೆಯವರ ಕಾಟ ಒಂದು ಕಡೆ, ಕೊಳ್ಳೆ ಹೊಡೆಯುವವರ ಕಾಟ ಇನ್ನೊಂದು ಕಡೆ. ನಡುವೆ ಸಿಕ್ಕ ಸಣ್ಣ ರೈತ ಪಕ್ಕದ ದೊಡ್ಡ ಧಣಿಯ ಹತ್ತಿರ ಹೋಗಿ, ನನ್ನ ಹೊಲ ನಿನ್ನ ಹೆಸರಿಗಿರಲಿ, ನನ್ನನ್ನು ಕಾಯಪ್ಪಾ ಅಂದನಂತೆ. ಧಣಿ ಹೊಲ ತೆಗೆದುಕೊಂಡು, ಅದನ್ನೇ ಅವನಿಗೆ ಉಳಲು ಕೊಟ್ಟ. ಬೇಡಿ ಪಡೆದದ್ದು ಎಂದೇ ಅದಕ್ಕೆ ಅವರ ಭಾಷೆಯಲ್ಲಿ ಹೆಸರಂತೆ. ತನ್ನ ಹೊಲವನ್ನು ತಾನೇ ಬೇಡಿ! ಉಳುವವನು ಹೊಲ ಬಿಟ್ಟು ಹೋಗಕೂಡದು, ಅವನ ಮಗನೂ ಹೋಗಕೂಡದು ಎಂದು ಕಾನೂನಾಯಿತು. ಆಮೇಲೆ ರಾಜ್ಯ ಬಿತ್ತು, ಧಣಿಗಳು ಉಳಿದರು. ಅವರ ಹೊಲದಲ್ಲಿ ಸಿಕ್ಕಿಬಿದ್ದವನೇ ಸರ್ಫ್.

“ಹಿಂಗ ಮಾಡಿದಾವ ಯಾರು?” ಎಂದೆ.

“ಯಾರೂ ಅಲ್ಲಜ್ಜಿ. ಗ್ರ್ಯಾಜುವಲಿ ಆತು. ಅಂದ್ರ ಕ್ರಮೇಣ.”

ನನಗೆ ಸಿಟ್ಟು ನೆತ್ತಿಗೇರಿತು. ಕ್ರಮೇಣವಂತೆ! ಕೂದಲು ಕ್ರಮೇಣ ನೆರೆಯುತ್ತದೆ, ಮಜ್ಜಿಗೆ ಕ್ರಮೇಣ ಹುಳಿಯಾಗುತ್ತದೆ. ಒಬ್ಬನ ಹೊಲ ಇನ್ನೊಬ್ಬನದಾಗಬೇಕಾದರೆ ಯಾರೋ ಕೈ ಚಾಚಿರಬೇಕು. ಆ ಕೈ ಯಾರದೆಂದು ಹುಡುಕಲು ಬೇಸರವಾಗಿ, ಪುಸ್ತಕದವರು ಕ್ರಮೇಣ ಎಂದು ಬರೆದು ಊಟಕ್ಕೆ ಎದ್ದಿರಬೇಕು.

ಇಷ್ಟೆಲ್ಲ ಸಿಟ್ಟು ರೋಮಿನವರಿಗಾಗಿ ಎಂದುಕೊಳ್ಳಬೇಡಿ. ಅವರು ನನಗೇನಾಗಬೇಕು? ಆ ಸಿಟ್ಟು ಅಂದೇ ಆರುತ್ತಿತ್ತು; ಅದನ್ನು ಮತ್ತೆ ಉರಿಸಿದವನು ಯಮನಪ್ಪ. ಹುನಗುಂದದ ಕಡೆಯವನು, ಇಲ್ಲೇ ಹತ್ತಿರದ ರುಸೈಲಿನ ಒಂದು ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುತ್ತಾನೆ. ನನ್ನ ಮಗ ಶಂಕರ ಅದೇ ಕಾರ್ಖಾನೆಯ ಆಫೀಸಿನಲ್ಲಿ ಕೆಲಸಗಾರರ ರಜೆ, ವೀಸಾ ನೋಡಿಕೊಳ್ಳುವವನು. ಜೋಳದ ರೊಟ್ಟಿಯ ಆಸೆಗೆ ಯಮನಪ್ಪ ರಜೆಯ ಶುಕ್ರವಾರ ನಮ್ಮಲ್ಲಿಗೆ ಬರುವುದುಂಟು. ಪಾಠ ಕೇಳಿದ ಮರುದಿನವೇ ಶುಕ್ರವಾರ, ಊಟಕ್ಕೆ ಕೂತವನು ಶೇಂಗಾ ಚಟ್ನಿ ಎಂದು ರೊಟ್ಟಿಯನ್ನು ಉಪ್ಪಿಗೆ ಒತ್ತಿದ. ಬಾಯಿಗಿಟ್ಟ ಮೇಲೆ ತಿಳಿದಿರಬೇಕು, ಮಾತಾಡದೆ ನುಂಗಿದ. ನಾನು ಬಿಡುತ್ತೇನೆಯೇ, ಕೇಳಿದೆ. ವೆಲ್ಡಿಂಗಿನ ಬೆಳಕಿಗೆ ಕಣ್ಣು ಹಾಳಾಗಿದೆಯಂತೆ. ಇಲ್ಲಿಯ ಡಾಕ್ಟರು ತಡಮಾಡಿದರೆ ಪೂರ್ತಿ ಹೋದೀತು ಅಂದಿದ್ದಾರಂತೆ. ಹುಬ್ಬಳ್ಳಿಗೆ ಹೋಗಿ ತೋರಿಸಲು ಎರಡು ತಿಂಗಳಿಂದ ತನ್ನ ಪಾಸ್‌ಪೋರ್ಟ್ ಕೇಳುತ್ತಿದ್ದಾನೆ.

“ಬದಲಿ ಮಂದಿ ಬರಲಿ, ಆಮ್ಯಾಲ ನೋಡೂಣು ಅಂತಾರ್ರಿ ಸಾಹೇಬ್ರು.”

ಸಾಹೇಬರು ಎದುರಿಗೇ ಕೂತು ನಾಲ್ಕನೆಯ ರೊಟ್ಟಿ ಮುರಿಯುತ್ತಿದ್ದರು. ನಾನು ಹೆತ್ತ ಸಾಹೇಬರು.

ಯಮನಪ್ಪ ಹೋಗುವವರೆಗೆ ತಡೆದುಕೊಂಡೆ. “ಅವನ ಪಾಸ್‌ಪೋರ್ಟ್ ಎಲ್ಲೈತೋ?”

“ಆಫೀಸಿನ ಕಪಾಟಿನ್ಯಾಗ.”

“ಅದು ಅವಂದೋ, ಕಪಾಟಿಂದೋ?”

“ಯವ್ವಾ, ನಾನೇನು ಕಸಗೊಂಡೇನೇನು? ಲೇಬರ್ ಕ್ಯಾಂಪಿನ್ಯಾಗ ಕಳೀತಾವಂತ ಮೊದಲ ತಾವ ತಂದು ಕೊಟ್ಟಾರ, ಜ್ವಾಪಾನಕ್ಕ. ಆಮ್ಯಾಲ ಕಫೀಲ್ ಹೂಂ ಅನ್ನಲಾರದ ಕೊಡಬಾರದು ಅಂತ ರೂಢಿ ಆತು.”

ರೂಢಿ ಆತು! ಕ್ರಮೇಣನ ಖಾಸಾ ತಮ್ಮ. ಕಫೀಲ್ ಎಂದರೆ ವೀಸಾ ಕೊಟ್ಟು ಇಲ್ಲಿಗೆ ಕರೆಸಿಕೊಂಡ ಧಣಿ. “ಆ ರೋಮಿನ ರೈತನೂ ತಾನ ಹೋಗಿ ಕೊಟ್ಟಿದ್ದನೋ ಮೂಳಾ!” ಎಂದು ಕೂಗಿದೆ. ರೊಟ್ಟಿಯ ನಡುವೆ ರೋಮ್ ಹೇಗೆ ಬಂತೆಂದು ಅವನಿಗೆ ತಿಳಿಯಲಿಲ್ಲ. ಅನು ಮಾತ್ರ ಪುಸ್ತಕ ಮುಚ್ಚಿ ಅಪ್ಪನ ಮುಖ ನೋಡಿದಳು. ಬೈದು ಬೈದು ಬಾಯಿ ಬಿಡಿಸಿದ ಮೇಲೆ ಇನ್ನೊಂದು ಹೊರಬಿತ್ತು: ಶಂಕರನ ಪಾಸ್‌ಪೋರ್ಟೂ ಅದೇ ಕಪಾಟಿನಲ್ಲಿದೆ. ತನ್ನನ್ನೂ ಒಳಗಿಟ್ಟ ಕಪಾಟಿನ ಕೀಲಿ ಕಾಯುವ ಜಾಣ ನನ್ನ ಹೊಟ್ಟೆಯಲ್ಲೇ ಹುಟ್ಟಬೇಕೆ?

ಇನ್ನೂ ಬೈಯುತ್ತಿದ್ದೆ. ತಟ್ಟೆ ಒರೆಸುತ್ತಿದ್ದ ಸೊಸೆ ಗಿರಿಜಾ, ತಲೆ ಎತ್ತದೆ, ತಣ್ಣಗೆ ಅಂದಳು: “ಅತ್ತಿ, ನಮ್ಮವ್ವ ಮಾಡಿಸಿದ ನನ್ನ ಪಾಟ್ಲಿ ಹದಿನಾರು ವರ್ಷದಿಂದ ನಿಮ್ಮ ಟ್ರಂಕಿನ್ಯಾಗ ಅದಾವಲ್ರೀ. ಅವನ್ನೂ ಜ್ವಾಪಾನಕ್ಕ ಕೊಟ್ಟಿದ್ದೆ.”

ಇವಳಿಗೂ ಬಾಯಿದೆ ಎಂದು ಸಿಟ್ಟು ಬಂತು. ಅವಳು ಅಂದದ್ದು ಖರೆ ಎಂದು ಅದಕ್ಕಿಂತ ಹೆಚ್ಚು ಬಂತು. ಕಳ್ಳಿ ಎಂದು ಯಾರಾದರೂ ಅಂದಿದ್ದರೆ ಜಗಳಕ್ಕಾದರೂ ನಿಲ್ಲುತ್ತಿದ್ದೆ. ಹೋಗಿ ಟ್ರಂಕು ತೆಗೆದು ಪಾಟ್ಲಿ ಬಳೆ ತಂದು ಅವಳ ಮುಂದಿಟ್ಟೆ. ಗಿರಿಜಾ ಎಣ್ಣೆ ಹಚ್ಚಿಕೊಂಡು ನೋಡಿದಳು, ಸೋಪು ಹಚ್ಚಿಕೊಂಡು ನೋಡಿದಳು. ಗೆಣ್ಣಿನ ಮೇಲೆ ಅವು ಏರಲೇ ಇಲ್ಲ. ಬಂಗಾರ ಹೇಗಿತ್ತೋ ಹಾಗೇ ಇದೆ, ಒಂದು ಗೀರಿಲ್ಲ. ಕೈ ದಪ್ಪಗಾಗಿದೆ. ಶಂಕರ ನಿಂತು ನೋಡಿದ.

ಶನಿವಾರ ಶಂಕರ ಆಫೀಸು ಮುಗಿಸಿ, ಕಪಾಟಿನಿಂದ ತೆಗೆದ ಪಾಸ್‌ಪೋರ್ಟಿನ ಜೊತೆ ಯಮನಪ್ಪನನ್ನು ಕರೆದುಕೊಂಡೇ ಬಂದ. ಕಫೀಲನನ್ನು ಕೇಳಿದೆಯಾ ಎಂದೆ. ಇಲ್ಲ ಎಂದು ತಲೆಯಾಡಿಸಿದ. ಮುಖ ಬಿಳಿಚಿತ್ತು. ನಾಳೆ ನನ್ನ ಮಗನ ಕೆಲಸದ ಗತಿ ಏನೋ, ನನಗೆ ಗೊತ್ತಿಲ್ಲ. ಉಳಿದವರ ಪಾಸ್‌ಪೋರ್ಟುಗಳು ಕಪಾಟಿನಲ್ಲೇ ಇವೆ; ಆ ಜಗಳ ಇನ್ನೂ ಬಾಕಿಯಿದೆ.

ಯಮನಪ್ಪ ತನ್ನ ಪಾಸ್‌ಪೋರ್ಟನ್ನು ಮೂಗಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಕಾಣಲಿಲ್ಲ. ನನ್ನ ಕೈಗೆ ಕೊಟ್ಟು, “ನಂದ ಐತೇನ್ ನೋಡ್ರಿ, ಅವ್ವಾರ” ಎಂದ. ಇಂಗ್ಲಿಷ್ ನನಗೆಲ್ಲಿ ಬರಬೇಕು, ಫೋಟೋ ನೋಡಿದೆ. ತುಂಬ ಕೂದಲಿನ ಹುಡುಗ, ದೊಡ್ಡ ದೊಡ್ಡ ಒಳ್ಳೆಯ ಕಣ್ಣು.

“ನಿಂದ ಐತಿ” ಎಂದೆ.

“ವಿಮಾನದ ಟಿಕೀಟ್ ಆಗೂತನಾ ನಿಮ್ಮ ಹಂತ್ಯಾಕ ಇರಲ್ರಿ. ಕ್ಯಾಂಪಿನ್ಯಾಗ ಕಳೀತೈತಿ.”

ಅವನ ಅಂಗಿಯ ಕಿಸೆಗೆ ನಾನೇ ತುರುಕಿ, ಗುಂಡಿ ಹಾಕಿದೆ.