ಕಸ್ತೂರಕ್ಕನ ಗಾಳದ ಗುಂಡು

ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕೈಗೆ ವೆಲ್ಡಿಂಗ್‌ನವರ ಚರ್ಮದ ಗವಸು, ಕಾಲಿಗೆ ತೀರಿಹೋದ ಗಂಡನ ಬೂಟು ಹಾಕಿಕೊಂಡು ತಾರಸಿಯ ಮೇಲೆ ಸೀಸ ಕರಗಿಸುತ್ತ ನಿಂತಿದ್ದ ಹೆಂಗಸನ್ನು ಕಂಡ ದಿನ, ಕಲ್ಕತ್ತದ ಬೆಹಾಲಾದಲ್ಲಿ ಬೇರೆ ಬಾಡಿಗೆ ಮನೆ ನೋಡಿಕೊಳ್ಳುವುದೇ ವಾಸಿ ಅಂದುಕೊಂಡಿದ್ದೆ. ಬಟ್ಟೆ ಒಣಹಾಕಲು ಹೋಗಿದ್ದ ನನ್ನನ್ನು ನೋಡಿ ಆಕೆ “ರುಕೋ!” ಎಂದು ಹಿಂದಿಯಲ್ಲಿ ಕಿರುಚಿದರು. ನನ್ನ ಬಾಯಿಂದ “ಅಯ್ಯೋ ದೇವರೇ, ಏನಾಯ್ತು?” ಎಂದು ಬಂದದ್ದೇ ತಡ, ಅವರ ಕನ್ನಡ ಹೊರಬಿತ್ತು.

“ಹಸಿ ಅರಿವಿ ತಗೊಂಡು ಹತ್ರ ಬರಬ್ಯಾಡ ತಂಗಿ. ಒಂದು ಹನಿ ನೀರು ಬಿದ್ರ ಸೀಸ ಮಾರಿಗೆ ಸಿಡೀತೈತಿ.”

ಹೀಗೆ ಸಿಕ್ಕವರು ಕಸ್ತೂರಕ್ಕ. ಬಾಗಲಕೋಟೆ ಕಡೆಯ ಅಂಬಿಗರ ಮನೆಯ ಮಗಳು, ಬ್ಯಾಂಕಿನಲ್ಲಿ ಅಧಿಕಾರಿಯಾಗಿ ನಿವೃತ್ತರಾದವರು. ಗಂಡನ ರೈಲ್ವೆ ಕೆಲಸ ಇಬ್ಬರನ್ನೂ ಕಲ್ಕತ್ತಕ್ಕೆ ತಂದಿತ್ತು. ಅಕ್ಕನಿಗೆ ಮೀನು ಹಿಡಿಯುವ ಹುಚ್ಚು. ಗಾಳದ ದಾರಕ್ಕೆ ಕಟ್ಟುವ ಸೀಸದ ಗುಂಡನ್ನು ಅಂಗಡಿಯಿಂದ ತಂದರೆ ಅವರಿಗೆ ಅವಮಾನ. ಟೈರ್ ಅಂಗಡಿಯವರು ಗಾಲಿಗಳಿಂದ ಕಿತ್ತ ಹಳೆಯ ಸೀಸದ ತುಂಡುಗಳನ್ನು ಕರಗಿಸಿ ತಾವೇ ಎರಕ ಹೊಯ್ಯುತ್ತಿದ್ದರು. ಅಚ್ಚಿನ ಮೂಲೆಯೊಂದನ್ನು ಕರಗಿದ ಸೀಸಕ್ಕೆ ಅದ್ದಿ ನೋಡುವುದು ಅವರ ಅಭ್ಯಾಸ. ಸೀಸ ಅಂಟಿಕೊಂಡು ಬಂದರೆ ಅಚ್ಚು ಇನ್ನೂ ತಣ್ಣಗಿದೆ; ಅಂಟದೆ ಜಾರಿದರೆ ಸುರಿಯಬಹುದು.

ನಮ್ಮ ಮನೆಯ ಹಿಂದಿನ ಕೊಳದಲ್ಲಿ ಗಾಳ ಹಾಕುವವರದೊಂದು ಕ್ಲಬ್ಬಿತ್ತು. ನೀರಿನ ಮೇಲೆ ಬಿದಿರಿನ ಅಟ್ಟಣೆಗಳನ್ನು ಕಟ್ಟಿ, ಅವಕ್ಕೆ ಮಾಚಾ ಅನ್ನುತ್ತಿದ್ದರು. ಭಾನುವಾರ ಬಂದರೆ ಮಾಚಾ ತುಂಬ ಗಂಡಸರು. ಎಲ್ಲರ ದಾರದ ತುದಿಗೂ ಕಸ್ತೂರಕ್ಕನ ಗುಂಡು. ಆದರೆ ಕಸ್ತೂರಕ್ಕನಿಗೆ ಮಾತ್ರ ಅಲ್ಲಿ ಜಾಗವಿಲ್ಲ. ಹೆಂಗಸರು ಕೂರುವ ಪದ್ಧತಿ ಇಲ್ಲವಂತೆ.

“ನೀವ್ಯಾಕೆ ಬಿಸಿಲಲ್ಲಿ ಒಣಗ್ತೀರಿ ದೀದಿ? ಮೀನು ಸಿಕ್ಕರೆ ನಿಮ್ಮ ಮನೆಗೇ ಕಳಿಸ್ತೀವಿ” ಎಂದು ಕಾರ್ಯದರ್ಶಿ ದತ್ತಬಾಬು ಹಲ್ಲು ಕಿರಿದರು. ಅಕ್ಕ ಹಿಂದಿಯಲ್ಲೇ ಉತ್ತರ ಕೊಟ್ಟರು. ಅದರ ಖಾರ ಎಂಥದಿತ್ತೆಂದರೆ ನನಗದು ಕನ್ನಡದಲ್ಲೇ ನೆನಪಿದೆ: “ನನ್ನ ಗುಂಡು ನಿಮ್ಮ ನೀರಿಗೆ ಇಳೀಬಹುದು, ನಾ ದಂಡಿಗೂ ಬರಬಾರದೇನು?”

ಅಂದಿನಿಂದ ಗುಂಡು ಕೊಡುವುದು ನಿಂತಿತು. ಕ್ಲಬ್ಬಿನವರಿಗೂ ರೋಷ ಬಂದು, ತಾವೇ ಅಚ್ಚು ತರಿಸಿ ಎರಕಕ್ಕೆ ಕೂತರು. ಕೆಲವು ದಿನ ಕಳೆದು ದತ್ತಬಾಬು ಮಿಠಾಯಿ ಡಬ್ಬಿ ಹಿಡಿದು ತಾರಸಿ ಹತ್ತಿದರು. ಸಂದೇಶ್ ಇರಬೇಕೆಂದು ನಾನು ಆಸೆಪಟ್ಟು ನೋಡಿದರೆ, ಒಳಗೆ ಸುಕ್ಕುಬಿದ್ದ ಗುಂಡುಗಳು. ಕೆಲವಕ್ಕೆ ಅರ್ಧ ಹೊಟ್ಟೆಯೇ ಇಲ್ಲ. ಬೆಂಕಿ ಎಷ್ಟು ಹೆಚ್ಚಿಸಿದರೂ ಹೀಗೇ ಬರುತ್ತವೆ ಎಂದು ಗೋಳಾಡಿದರು.

“ಜಾಗ ಕೊಟ್ರೆ ಮಾತ್ರ ಹೇಳ್ತೀನಿ ಅನ್ನಿ ಅಕ್ಕಾ” ಎಂದು ನಾನು ಕಿವಿಯಲ್ಲಿ ಉಸುರಿದೆ.

“ಚೌಕಾಸಿ ಮಾಡಾಕ ನಾ ಏನ್ ಕಾಯಿಪಲ್ಯಾ ಮಾರಾಕ ಕುಂತೇನೇನು? ನನ್ನ ಜಾಗಾ ನಾ ಯಾಕ ಕೊಂಡ್ಕೋಬೇಕು?” ಎಂದವರೇ ಬೂಟು ಹಾಕಿಕೊಂಡು ಹೊರಟೇಬಿಟ್ಟರು.

ಕ್ಲಬ್ಬಿನಲ್ಲಿ ನಡೆಯುತ್ತಿದ್ದದ್ದು ನೋಡುವಂತಿತ್ತು. ಒಬ್ಬರು ಸೀಸ ಸುರಿದು ಅಚ್ಚು ಬಿಚ್ಚುತ್ತಾರೆ. ಗುಂಡು ಕೈಯಿಂದ ಕೈಗೆ ಸುತ್ತುತ್ತದೆ, ಪ್ರತಿಯೊಬ್ಬರದೂ ಒಂದು ಅಭಿಪ್ರಾಯ, ನಡುವೆ ಚಹಾ. ಹರಟೆಯ ಅಡ್ಡಾ ಮುಗಿದ ಮೇಲೆಯೇ ಎರಡನೆಯ ಗುಂಡು. ಅಕ್ಕ ಸ್ವಲ್ಪ ಹೊತ್ತು ನೋಡಿ ಹಣೆ ಚಚ್ಚಿಕೊಂಡರು.

“ಬೆಂಕಿ ಮ್ಯಾಲ ಯಾಕ ಸಿಟ್ಟು? ಸೀಸ ಕಾದೈತಿ, ಅಚ್ಚು ಆರೈತಿ. ಗುಂಡಿಗೊಂದು ಸಭಾ ಮಾಡಾಕತ್ತೀರಿ ನೀವು. ಬಾಯಿ ಮುಚ್ಚಿ ಒಂದರ ಹಿಂದ ಒಂದು ಸುರೀರಿ. ಮೊದಲಿನವು ಸುಕ್ಕು ಬೀಳ್ತಾವ, ತಿರುಗಿ ಒಳಗ ಒಗೀರಿ. ಅವು ಅಚ್ಚು ಕಾಸಾಕ, ಗಾಳಕ್ಕಲ್ಲ.”

ದತ್ತಬಾಬು ಮಾತಾಡದೆ ಸುರಿದರು. ಅದೇ ಒಂದು ಪವಾಡ. ಸ್ವಲ್ಪ ಹೊತ್ತಿನಲ್ಲೇ ನುಣುಪಾದ ಗುಂಡುಗಳು ಬೀಳತೊಡಗಿದವು. ಆಮೇಲೆ ಬೂದಿ ಬಳಿದಂತೆ ಮಂಕಾದಾಗ, ಅಚ್ಚು ಅತಿಯಾಗಿ ಕಾಯಿತೆಂದು ಅಕ್ಕ ಅದನ್ನು ಬಿಚ್ಚಿ ಒಣ ಹಲಗೆಯ ಮೇಲೆ ಇಡಿಸಿದರು.

ಮುಂದಿನ ಭಾನುವಾರ ಕಸ್ತೂರಕ್ಕ ಕೊನೆಯ ಮಾಚಾದ ಮೇಲೆ ಗಾಳ ಹಿಡಿದು ಕೂತಿದ್ದರು. ದತ್ತಬಾಬು ಓಡಿಬಂದು ಪದ್ಧತಿಯ ಪುರಾಣ ತೆಗೆದರು. ಅಕ್ಕ ತಿರುಗಿಯೂ ನೋಡಲಿಲ್ಲ. “ನಮ್ಮಪ್ಪ ಕೃಷ್ಣಾದಾಗ ದೋಣಿ ನಡಿಸಾಂವ. ನೀರಿನ ದಂಡಿಗೆ ಕುಂದ್ರಾಕ ನಾ ಯಾರ ಅಪ್ಪಣಿ ಕೇಳೂದಿಲ್ಲ. ಎಬ್ಬಸ್ರಿ ನೋಡೋಣು.”

ಯಾರೂ ಎಬ್ಬಿಸಲಿಲ್ಲ, ಮಾತೂ ಆಡಿಸಲಿಲ್ಲ. ವಾರಗಟ್ಟಲೆ ಹಾಗೇ ನಡೆಯಿತು. ಬೇಜಾರಾಗಲ್ವಾ ಎಂದು ನಾನು ಕೇಳಿದರೆ, “ಇವು ಮೊದಲಿನ ಗುಂಡು ತಂಗಿ, ಸುಕ್ಕು ಬೀಳೂವ” ಎಂದು ನಕ್ಕರು. ದುರ್ಗಾಪೂಜೆಯ ಹೊತ್ತಿಗೆ ಅವರ ಮಾಚಾಕ್ಕೂ ಕೇಳದೆಯೇ ಚಹಾ ಬರತೊಡಗಿತು.

ಕಳೆದ ಚಳಿಗಾಲದಲ್ಲಿ ಅವರಿಗೆ ನಿಲ್ಲಲು ಉಸಿರು ಸಾಲುತ್ತಿರಲಿಲ್ಲ. ತಾರಸಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಗವಸು ನನ್ನ ಕೈಗೆ ತೊಡಿಸಿದರು. ನಾನು ಹೊಯ್ದದ್ದೆಲ್ಲ ಸುಕ್ಕು. “ಒಳಗ ಒಗಿ. ಮತ್ತ ಸುರಿ.” ಅವರಿಂದ ನಾನು ಕೇಳಿದ ಕೊನೆಯ ಮಾತು ಅದೇ. ಒಂದು ಗುಂಡನ್ನು ಮಾತ್ರ ಒಗೆಯದೆ ಜೇಬಿಗೆ ಹಾಕಿಕೊಂಡೆ. ಆ ವಾರವೇ ಅಕ್ಕ ಹೋದರು.

ದತ್ತಬಾಬು ಬಂದು ಅತ್ತರು, ಅದು ಸುಳ್ಳು ಅಳುವಲ್ಲ. ಆದರೆ ಮುಂದಿನ ಭಾನುವಾರ ನೋಡಿದರೆ ಅಕ್ಕನ ಮಾಚಾಕ್ಕೆ ಅಡ್ಡಲಾಗಿ ಹಗ್ಗ. “ದೀದಿಯ ಮಾತು ಬೇರೆ” ಅಂದರು. “ಇನ್ನು ಮುಂದೆ ಮೊದಲಿನ ಪದ್ಧತಿ.”

ಮೈಯೆಲ್ಲ ಉರಿದುಹೋಯಿತು. ಎರೆಹುಳ ಕಂಡರೆ ವಾಕರಿಸುವ ನಾನು, ಹಗ್ಗ ಬಿಚ್ಚಿ ಹೋಗಿ ಕೂತೆ. ಅಕ್ಕನ ಗಾಳಕ್ಕೆ ಜೇಬಿನ ಗುಂಡನ್ನು ಕಟ್ಟಿದೆ. ದತ್ತಬಾಬು ಬಗ್ಗಿ ನೋಡಿದರು.

“ಇದು ಸುಕ್ಕುಬಿದ್ದಿದೆಯಲ್ಲ!”

“ಗೊತ್ತು. ಅಚ್ಚು ಇನ್ನೂ ಕಾದಿಲ್ಲ” ಅಂದೆ. “ಮುಂದಿನ ಭಾನುವಾರವೂ ಬರ್ತೀನಿ.”